ಬರುತ್ತೆ ಮಾಮನ ತೋರುಬೆರಳು

ನಮ್ಮ ಬೀದಿಯಲ್ಲಿ ಯಾರ ಮನೆ ಸೋರಿದರೂ ಕರೆಯುವುದು ಬರುತ್ತೆ ಮಾಮನನ್ನು. ಅರವತ್ತು ದಾಟಿದ ಸಣಕಲು ಮನುಷ್ಯ. ಏಣಿ ಹತ್ತುವಾಗ ಮಾತ್ರ ಇಪ್ಪತ್ತರ ಚುರುಕು. ನಲ್ಲಿ ರಿಪೇರಿ ಬರುತ್ತಾ ಎಂದರೆ "ಬರುತ್ತೆ", ಹೊಲಿಗೆ ಯಂತ್ರ ಬಿಚ್ಚೋಕೆ ಬರುತ್ತಾ ಎಂದರೆ "ಬರುತ್ತೆ". ಹೆಸರೂ ಹಾಗೇ ಅಂಟಿತು. "ಅವರಿಗೆ ಎಲ್ಲಾ ಬರುತ್ತೆ, ಹೇಳಿದ ಹೊತ್ತಿಗೆ ಬರೋದೊಂದು ಬರಲ್ಲ" ಎಂದು ನಮ್ಮ ಯಜಮಾನರು ನಗುತ್ತಿದ್ದರು.

ಮಗಳ ಕೋಣೆಯ ಮೇಲಿನ ಅಟ್ಟದಲ್ಲಿ ಬಾವಲಿಗಳು ಸೇರಿಕೊಂಡಾಗ ನಾನೂ ಅವರನ್ನೇ ಕರೆದೆ. ಅದಕ್ಕೂ ಮೊದಲು, ಸುಳ್ಳೇಕೆ, ಕಾಡುಪ್ರಾಣಿಗಳನ್ನು ಹಿಡಿಯಲು ಪರವಾನಗಿ ಇರುವವರಿಗೆ ಫೋನ್ ಮಾಡಿದ್ದೆ. ಫೋನ್ ಎತ್ತಿದ ಹೆಂಗಸು ಬಿಡಿಸಿ ಹೇಳಿದ್ದಳು. "ಈಗ ಮರಿಗಳಿವೆ ಮೇಡಂ. ಹಾರೋದು ಕಲಿಯೋಕೆ ಮೂರು ವಾರ ಬೇಕು. ಅಲ್ಲೀವರೆಗೂ ಸಂದಿ ಮುಚ್ಚಬೇಡಿ. ಮುಚ್ಚಿದ್ರೆ ಮನೆಯೊಳಗೇ ಇಳೀತವೆ."

ಮೂರು ವಾರ! ಕೋಣೆ ತುಂಬ ಹಿಕ್ಕೆಯ ನಾತ. ಎರಡು ವರ್ಷದ ಮಗಳು ಚಾವಣಿ ನೋಡಿ "ಅಮ್ಮಾ, ಕಿಚಿಕಿಚಿ" ಅನ್ನುತ್ತಿದ್ದಳು. ನನಗೆ ತಾಳ್ಮೆ ಉಳಿಯಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರನ್ನು ಇನ್ನು ನಾನು ಆಡಿಕೊಳ್ಳುವಂತಿಲ್ಲ.

"ಬಾವಲಿ ಓಡಿಸೋಕೆ ಬರುತ್ತಾ ಮಾಮ?"

"ಬರುತ್ತೆ ಬಿಡಮ್ಮಾ. ಇಲಿಗೆ ರೆಕ್ಕೆ ಹಚ್ಚಿದ್ರೆ ಬಾವಲಿ. ಅದೇನು ಬ್ರಹ್ಮವಿದ್ಯೆನಾ?"

ನಡುಮಧ್ಯಾಹ್ನ, ಅವು ಒಳಗೆ ಮಲಗಿದ್ದ ಹೊತ್ತಿಗೇ, ಸೂರಿನ ಸಂದಿಗಳಿಗೆಲ್ಲ ಸಿಮೆಂಟು ಮೆತ್ತಿ ಇಳಿದರು. ಸಂಜೆ ದಾರಿ ಕಾಣದ ಬಾವಲಿಗಳು ದೀಪದ ತಂತಿ ಇಳಿಸಿದ್ದ ತೂತನ್ನು ಹುಡುಕಿಕೊಂಡವು. ಮಗಳನ್ನು ಎಬ್ಬಿಸಲು ಹೋದವಳು ನೋಡುತ್ತೇನೆ, ಅವಳ ಕೆನ್ನೆಯಿಂದ ಒಂದು ಗೇಣು ಆಚೆ, ದಿಂಬಿನ ಮೇಲೆ, ಕಪ್ಪು ಬಟ್ಟೆಚೂರಿನಂತೆ ಒಂದು ಬಿದ್ದಿದೆ. ಬಟ್ಟೆಚೂರು ಉಸಿರಾಡುತ್ತಿದೆ.

ನನ್ನ ಕಿರುಚಾಟಕ್ಕೆ, ಏಣಿ ಒಯ್ಯಲು ಆಗಷ್ಟೇ ಬಂದಿದ್ದ ಮಾಮ ಓಡಿ ಬಂದರು. ಬರಿಗೈಯಲ್ಲೇ ಹಿಡಿದರು. "ಅಯ್ಯೋ, ಕಚ್ಚೇಬಿಡ್ತು ಕಳ್ಳಿ!" ಎಂದು ನಗುತ್ತಾ ಕಿಟಕಿಯಾಚೆ ಎಸೆದರು. ಅದು ಹಾರಿಹೋಯಿತು. ಅವರ ಬಲಗೈ ತೋರುಬೆರಳ ತುದಿಯಲ್ಲಿ ಸಾಸಿವೆಯಷ್ಟು ರಕ್ತ.

ಆಸ್ಪತ್ರೆಯಲ್ಲಿ ಡಾಕ್ಟರು ಮಗಳ ಮೈಯನ್ನು ಇಂಚಿಂಚೂ ನೋಡಿದರು. ಗುರುತೇನೂ ಇರಲಿಲ್ಲ.

"ಇದರ ಹಲ್ಲು ಸೂಜಿಮೊನೆ ಥರ. ಕಚ್ಚಿದ್ರೂ ಕಾಣಲ್ಲ. ಬಾವಲಿ ಇದ್ದಿದ್ರೆ ಪರೀಕ್ಷೆ ಮಾಡಿ ರೇಬಿಸ್ ಇತ್ತಾ ಇಲ್ವಾ ಹೇಳಬಹುದಿತ್ತು. ಎಲ್ಲಿ ಅದು?"

"ಕೆಲಸದವರು ಎಸೆದುಬಿಟ್ಟರು."

"ಅವರಿಗೇನಾದ್ರೂ ಕಚ್ಚಿತಾ?" ನಾನು ಹೌದೆಂದು ತಲೆ ಆಡಿಸಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ಆ ರೋಗ ಒಮ್ಮೆ ಶುರುವಾದ್ರೆ ನಮ್ಮ ಕೈಲಿ ಏನೂ ಇಲ್ಲ. ಇವತ್ತೇ ಕಳಿಸಿ."

ಮಗಳಿಗೆ ಮೊದಲ ಸೂಜಿ ಅಂದೇ ಆಯಿತು. ಮಾಮ ಮಾತ್ರ ಫೋನಿನಲ್ಲಿ ನಕ್ಕರು. "ಬಾವಲಿ ಗಿಲ್ಲಿದ್ದಕ್ಕೆ ಸೂಜಿನಾ? ಹಾಗಾದ್ರೆ ಸೊಳ್ಳೆ ಕಚ್ಚಿದ್ರೆ ಆಪರೇಷನ್ನಾ?" ಮರುದಿನ ಅವರು ಫೋನನ್ನೇ ಎತ್ತಲಿಲ್ಲ.

ಆ ದಿನವೇ ಪರವಾನಗಿಯವರು ಬಂದು ಸಿಮೆಂಟು ಒಡೆದರು. ಮೂರು ಮರಿಗಳು ಸತ್ತಿದ್ದವು, ಒಂದೊಂದೂ ನನ್ನ ಹೆಬ್ಬೆರಳಷ್ಟು. ಆ ಹೆಂಗಸು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅಟ್ಟದ ಸಮಸ್ಯೆ ಸರಿಯಾದವರ ಕೈ ಸೇರಿತ್ತು, ಆ ಬೆರಳು ಮಾತ್ರ ನನ್ನ ತಲೆಯಿಂದ ಇಳಿಯಲಿಲ್ಲ. ಕೆಲಸ ಕೊಟ್ಟವಳು ನಾನು.

ಮೂರನೆಯ ದಿನ ಮಗಳಿಗೆ ಎರಡನೆಯ ಸೂಜಿ. ಬೆಳಿಗ್ಗೆಯೇ ಮತ್ತೆ ಫೋನ್ ಮಾಡಿದೆ, ಎತ್ತಿದರು. "ಮಾಮ, ಆಸ್ಪತ್ರೇಲಿ ಮಗೂನ ಹಿಡ್ಕೊಳ್ಳೋಕೆ ಒಬ್ಬರು ಬೇಕು. ಇವರು ಊರಲ್ಲಿಲ್ಲ."

ಇವರು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು.

"ಸರಿಯಮ್ಮಾ, ಬಂದೆ" ಎಂದರು.

ಬಂದರು. ಮಗಳ ಕಾಲುಗಳನ್ನು ಎಡಗೈಯಲ್ಲಿ ಒತ್ತಿ ಹಿಡಿದರು. ಬಲಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಅದನ್ನು ನೋಡಿದಾಗಲೇ ನನಗೆ ಗೊತ್ತಾಯಿತು, ಫೋನಿನಲ್ಲಿ ನಕ್ಕ ಮನುಷ್ಯ ಹೆದರಿದ್ದರು.

ಮಗಳದು ಮುಗಿಯಿತು. ನಾನು ಮೊದಲೇ ಹೇಳಿಟ್ಟಿದ್ದ ನರ್ಸು ತಿರುಗಿದಳು. "ಈಗ ನಿಮ್ಮ ಸರದಿ ಅಜ್ಜಾ. ಕೈ ತೆಗೀರಿ."

ಮಾಮ ನನ್ನತ್ತ ನೋಡಿದರು. "ಬಲೆ ಹಾಕಿದೆ ಅಲ್ಲಮ್ಮಾ?"

"ಹೌದು ಮಾಮ."

"ಮೂರು ದಿನ ಯಾಕೆ ಸುಮ್ನಿದ್ರಿ?" ಎಂದಳು ನರ್ಸು.

"ಬಂದ್ರೆ ಹೇಗೆ ಕಚ್ತು ಅಂತ ಕೇಳ್ತೀರಿ. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕ್ದ ಅಂತ ಬರೀತೀರಿ. ನಲವತ್ತು ವರ್ಷ ಏಣಿ ಹತ್ತಿದ್ದೀನಿ ತಾಯಿ."

"ನಾನು ಬರೆಯೋದು ಬಾವಲಿ, ಬಲಗೈ ತೋರುಬೆರಳು. ಅಷ್ಟೇ."

ಗಾಯ ಮುಚ್ಚಿಹೋಗಿತ್ತು. ಆದರೂ ಬೆರಳ ಸುತ್ತ ಚುಚ್ಚಿದಳು, ಆಮೇಲೆ ತೋಳಿಗೆ. ಮಾಮ ಗೋಡೆ ನೋಡುತ್ತಿದ್ದರು.

"ತಡ ಆಯ್ತಾ?"

"ತಡ ಆಗಿದೆ. ಕೆಲಸ ಮಾಡುತ್ತೆ ಅಂತಾನೇ ಕೊಡ್ತಿರೋದು. ಉಳಿದಿದ್ದು ಒಂದೂ ತಪ್ಪಿಸಬಾರದು."

ಅವರು ಎದ್ದು ಅಂಗಿಯ ತೋಳು ಇಳಿಸಿಕೊಂಡರು. ಬಾಗಿಲವರೆಗೂ ಹೋಗಿ ತಿರುಗಿ ನಿಂತು, ತೀರ ಸಣ್ಣ ದನಿಯಲ್ಲಿ ಕೇಳಿದರು. "ಮನೇಲಿರೋ ನನ್ನ ಮೊಮ್ಮಗಳನ್ನ ಎತ್ಕೋಬಹುದಾ? ಮೂರು ದಿನದಿಂದ ಹತ್ತಿರ ಸೇರಿಸಿಲ್ಲ. ತಾತ ಕೋಪ ಮಾಡ್ಕೊಂಡಿದ್ದಾನೆ ಅಂತ ಅಳ್ತಾಳೆ."

"ಎತ್ಕೊಳ್ಳಿ ಅಜ್ಜಾ. ಏನೂ ಆಗಲ್ಲ."

ಮಾಮ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದರು. "ಮುಂದಿನದು ಸೋಮವಾರ, ಮಾಮ!" ಎಂದು ಮಗಳನ್ನು ಕಂಕುಳಲ್ಲಿಟ್ಟುಕೊಂಡು ಮೇಲಿನಿಂದ ಕೂಗಿದೆ. ತಿರುಗಿ ನೋಡಲಿಲ್ಲ. ಕೇಳಿಸಿತೋ ಇಲ್ಲವೋ. ಭಾನುವಾರ ಸಂಜೆ ಅವರ ಮನೆಗೇ ಹೋಗಿ ಹೇಳಿ ಬರಬೇಕು.