ಅತ್ತೆಯ ಬಿಗಿ ಕಾಲುಚೀಲ

ನಮ್ಮತ್ತೆಯ ಎಡಗಾಲಿನಲ್ಲಿ, ಗಿಣ್ಣಿಗಿಂತ ನಾಲ್ಕು ಬೆರಳು ಮೇಲೆ, ಒಂದು ಹುಣ್ಣಿತ್ತು. ಸುತ್ತಲಿನ ಚರ್ಮ ಕಪ್ಪಾಗಿ, ಒಣಗಿ, ಹೊಟ್ಟಿನಂತೆ ಉದುರುತ್ತಿತ್ತು. ನಡುವಿನಿಂದ ಹಳದಿ ನೀರು ಒಸರುತ್ತಿತ್ತು. ಅದರ ವಾಸನೆ ನೆನೆದರೆ ನನಗೆ ಇವತ್ತಿಗೂ ತುತ್ತು ಇಳಿಯುವುದಿಲ್ಲ. ತೀರಿಕೊಂಡವರ ಬಗ್ಗೆ ಹೀಗೆ ಬರೆಯಬಾರದು ಎನ್ನುವವರು ಆ ಕಾಲನ್ನು ಒಂದು ದಿನ ತೊಡೆಯ ಮೇಲೆ ಇಟ್ಟುಕೊಂಡು ನೋಡಬೇಕಿತ್ತು.

ಬೆಟಗೇರಿಯಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ನಲವತ್ತು ವರ್ಷ ಸೀರೆ ನೇಯ್ದವರು ಅವರು. ನರ ಉಬ್ಬಿ ಹುಣ್ಣಾದ ಮೇಲೆ ಗದಗಿನ ಡಾಕ್ಟರು ಮೊಣಕಾಲುದ್ದದ ಬಿಗಿ ಕಾಲುಚೀಲ ಬರೆದುಕೊಟ್ಟರು. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕಬೇಕು, ಇಲ್ಲದಿದ್ದರೆ ಹುಣ್ಣು ಬೆಳೆದು ಕಾಲಿಗೇ ಕುತ್ತು ಎಂದರು. ಅತ್ತೆಗೆ ಬಗ್ಗಲು ಬರದು. ನನ್ನ ಹೆಂಡತಿ ಮುಂಡರಗಿಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಮನೆ ಮುಟ್ಟುವಾಗ ಬೆಳಿಗ್ಗೆ ಹತ್ತು ಗಂಟೆ. ಉಳಿದವನು ನಾನು.

ಆದರೆ ಅತ್ತೆ ಒಪ್ಪಬೇಕಲ್ಲ! ಮದುವೆಯಲ್ಲಿ ನನ್ನ ಕಾಲು ತೊಳೆದವರು. ಹತ್ತು ವರ್ಷ ನನ್ನೊಡನೆ ಬಾಗಿಲ ಮರೆಯಿಂದಲೇ ಮಾತಾಡಿದವರು. “ಅಳ್ಯಾರ ಕೈಲೆ ಕಾಲ ಮುಟ್ಟಿಸ್ಕೊಂಡ್ರ ನನಗ ನರಕಾನ ಗತಿರಿ,” ಎಂದರು. ಬದುಕಿದೆಯಾ ಬಡಜೀವವೇ ಎಂದುಕೊಂಡು ನಾನೂ ಸುಮ್ಮನಾದೆ. ಅವರು ಮಗಳ ದಾರಿ ಕಾಯುತ್ತ ಕಾಲು ಇಳಿಬಿಟ್ಟು ಕೂಡುತ್ತಿದ್ದರು. ಬಾತ ಕಾಲಿಗೆ ಚೀಲ ಏರುತ್ತಿರಲಿಲ್ಲ. ರೂಪಾಯಿಯಷ್ಟಿದ್ದ ಹುಣ್ಣು ತಿಂಗಳೊಳಗೆ ಅಂಗೈಯಷ್ಟಾಯಿತು. ಆಗ ನನಗೆ ಆ ಹುಣ್ಣಿಗಿಂತ ಹೆಚ್ಚು ಹೇಸಿಗೆ ಹುಟ್ಟಿದ್ದು ಅವರ ಮರ್ಯಾದೆಯ ಹಿಂದೆ ಅಡಗಿ ಕೂತ ನನ್ನ ಮೇಲೆ.

ಮರುದಿನ ಬೆಳಿಗ್ಗೆ, “ಅತ್ತಿ, ಕಾಲ ಚಾಚ್ರಿ,” ಎಂದು ಹಾಸಿಗೆಯ ತುದಿಗೆ ಕೂತೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು, ಆದರೆ ಕಾಲು ಚಾಚಿದರು. ಹುಣ್ಣಿಗೆ ಕಟ್ಟಿದ್ದ ಪಟ್ಟಿಯ ಅಂಚಿನಿಂದ ವಾಸನೆ ಬಂದದ್ದೇ ನಾನು ಓಕರಿಸಿದೆ. ಅವರಿಗೆ ಕೇಳಿಸಿತು.

“ಹೇಸಿಗಿ ಬಂದ್ರ ಮಾರಿ ತಿರುವ್ರಿ, ಕೈ ಮಾತ್ರ ಬಿಡಬ್ಯಾಡ್ರಿ. ನಡುವ ಬಿಟ್ರ ನಿರಿಗಿ ಬೀಳ್ತಾವು, ನಿರಿಗಿ ಬಿದ್ದಲ್ಲೆ ಚರ್ಮ ಕೊಯ್ತೈತಿ.”

ಹೊರಮೈ ಒಳಗೆ ಮಾಡಿ, ಹಿಮ್ಮಡಿ ಕೂರಿಸಿ, ಬೆರಳುದ್ದ ಬೆರಳುದ್ದ ಏರಿಸಬೇಕು ಎಂದು ಸೆರಗಿನೊಳಗಿಂದಲೇ ಕಲಿಸಿದರು. ಅಂದಿನಿಂದ ದಿನಾ ಅವರ ಮುಖ ಸೆರಗಿನಲ್ಲಿ, ನನ್ನದು ಗೋಡೆಯ ಕ್ಯಾಲೆಂಡರಿನ ಕಡೆ. ಸಂಜೆ ಚೀಲ ಒಗೆಯುವುದೂ ನನ್ನ ಪಾಲಿಗೇ ಬಂತು. ಬೋಗುಣಿಯಲ್ಲಿ ಚರ್ಮದ ಹೊಟ್ಟು ತೇಲುತ್ತಿತ್ತು. ಬೇಗ ಮುಗಿಯಲೆಂದು ಒಮ್ಮೆ ಹಿಂಡಿದೆ.

“ಯವ್ವಾ, ಎಳಿ ಸಾಯ್ತಾವ್ರಿ! ಟಾವೆಲ್ಲಿನಾಗ ಸುತ್ತಿ ಒತ್ರಿ, ನೆರಳಿಗೆ ಹಾಕ್ರಿ!” ಎಂದು ಕೂಗಿದರು. ಬಾಗಿಲ ಮರೆ ಬಿಟ್ಟು ಅವರು ನನ್ನನ್ನು ಬೈದದ್ದು ಅದೇ ಮೊದಲು.

ಪಟ್ಟಿ ಬದಲಿಸುತ್ತಿದ್ದ ಹೆಂಡತಿ ಎರಡು ವರ್ಷದ ಕೊನೆಗೆ, “ಮಾಯ್ದೈತಿ, ಒಂದ್ಸಲ ನೋಡರ ನೋಡ್ರಿ,” ಎಂದಳು. ನಾನು ನೋಡಲಿಲ್ಲ. ಪ್ರೀತಿ ಬಂದರೆ ಹೇಸಿಗೆ ಹೋಗುತ್ತದೆ ಎನ್ನುವುದು ಸುಳ್ಳು.

ಕಳೆದ ಶ್ರಾವಣದಲ್ಲಿ ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ಮೈ ತೊಳೆಯಲು ಬಂದ ಹೆಂಗಸರಿಗೆ ಕಾಲುಚೀಲ ಬಿಚ್ಚಲು ಬರಲಿಲ್ಲ. ಒಬ್ಬಾಕೆ ಕತ್ತರಿ ಕೇಳಿದಳು.

“ಬ್ಯಾಡ, ನಮ್ಮನಿಯವರನ್ನ ಕರೀರಿ,” ಎಂದಳು ಹೆಂಡತಿ.

ಅತ್ತೆಯ ಮುಖದ ಮೇಲೆ ಸೆರಗಿರಲಿಲ್ಲ. ಕಾಲ ಬಳಿ ಕೂತು, ಚೀಲವನ್ನು ಹಿಮ್ಮಡಿಯವರೆಗೆ ಮಗುಚಿ, ನಿಧಾನವಾಗಿ ಎಳೆದೆ. ಹುಣ್ಣಿದ್ದ ಜಾಗದಲ್ಲಿ ಉಳ್ಳಾಗಡ್ಡಿ ಸಿಪ್ಪೆಯಂಥ ತೆಳು ಚರ್ಮ ಕೂಡಿತ್ತು. ಅದರ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಅಂದು ನಾನು ಮುಖ ತಿರುವಲಿಲ್ಲ.