ರಂಗೂನಿಗೆ ಒಂಬತ್ತೂವರೆ ಗಂಟೆ

ಮುನಿಸ್ವಾಮಿ ಮೇಸ್ತ್ರಿ ಯಾವ ಅಳತೆಯನ್ನೂ ಇದ್ದಷ್ಟೇ ಹೇಳಿದವರಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುವುದು ಅವರ ಕೆಲಸ. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ; ಅದಕ್ಕೆ ಅಚ್ಚನ್ನು ಒಂದಿಷ್ಟು ದೊಡ್ಡದಾಗಿಯೇ ಮಾಡಬೇಕು. ಆ ಹೆಚ್ಚಿನ ಅಳತೆಗೆ ಅವರು ‘ಕುಗ್ಗು’ ಎನ್ನುತ್ತಿದ್ದರು. ಹೆಂಡತಿಗೆ ರವಿಕೆ ಬಟ್ಟೆ ತರುವಾಗಲೂ ನಾಲ್ಕು ಬೆರಳು ಜಾಸ್ತಿ ಹರಿಸುವರು. “ನಾನೇನು ಆರಿ ಕುಗ್ತೀನಾ?” ಎಂದು ಆಕೆ ರೇಗಿಸಿದರೆ, “ನೀನು ಹಿಗ್ಗೋಳು ಮಾರಾಯ್ತಿ, ಆ ಭಯಕ್ಕೇ ತಂದಿದ್ದು” ಎನ್ನುವರು.

ನಾನು ಆಗ ಹೈಸ್ಕೂಲು ಮುಗಿಸಿ ಅದೇ ಕಾರ್ಖಾನೆಯಲ್ಲಿ ಹಾಜರಿ ಬರೆಯುತ್ತಿದ್ದೆ. ಮೇಸ್ತ್ರಿಗೆ ಓದು ಬರಹ ಬರುತ್ತಿರಲಿಲ್ಲ. ರಂಗೂನಿನಲ್ಲಿದ್ದ ಒಬ್ಬಳೇ ಮಗಳು ಕನಕಳ ಕಾಗದ ಬಂದರೆ ಜನ್ನಾಪುರದ ಅವರ ಮನೆಗೆ ಹೋಗಿ ನಾನೇ ಓದಿ, ಉತ್ತರವನ್ನೂ ಬರೆದುಕೊಡುತ್ತಿದ್ದೆ. ಆಕೆಯ ಗಂಡನಿಗೆ ಅಲ್ಲಿ ಮರದ ಮಿಲ್ಲಿನಲ್ಲಿ ಕೆಲಸ.

1941ರ ಕೊನೆಯ ಹೊತ್ತಿಗೆ ಒಂದು ಕಾಗದ ಬಂತು. “ಯುದ್ಧ ಈ ಕಡೆಗೂ ಬರುತ್ತದಂತೆ. ಮದ್ರಾಸಿನ ಹಡಗಿನಲ್ಲಿ ಈಗಿನ್ನೂ ಜಾಗ ಸಿಗುತ್ತದೆ. ಮಗುವನ್ನು ಕರೆದುಕೊಂಡು ಬಂದುಬಿಡಲೇ? ನೀವು ಹೇಳಿದಂತೆ ಮಾಡುತ್ತೇನೆ ಅಪ್ಪ.”

ಮೇಸ್ತ್ರಿ ಕೇಳಿದರು: “ರಂಗೂನು ಎಷ್ಟು ದೂರ ರೈಟರೇ?”

ನನಗೆ ವಿದ್ಯೆ ತೋರಿಸುವ ಹುಚ್ಚು. ಶಾಲೆಯ ಅಟ್ಲಾಸು ತಂದು ಬಿಡಿಸಿದೆ. ಅವರು ಅದರ ಮೇಲೆ ದಾರ ಎಳೆದರು, ನಾನು ಲೆಕ್ಕ ಹಾಕಿದೆ. ಸಾವಿರದ ನಾನೂರು ಮೈಲಿ. ವಿಮಾನ ಗಂಟೆಗೆ ನೂರೈವತ್ತು ಮೈಲಿ ಹೋಗುತ್ತದೆಂದು ಪೇಪರಿನಲ್ಲಿ ಓದಿದ್ದೆ.

“ಒಂಬತ್ತೂವರೆ ಗಂಟೆ ಮೇಸ್ತ್ರಿ! ಬೆಳಿಗ್ಗೆ ಅಲ್ಲಿ ತಿಂಡಿ, ಸಂಜೆ ಇಲ್ಲಿ ಕಾಫಿ.”

ಅವರು ದಾರ ತೆಗೆಯಲಿಲ್ಲ. “ಇದಕ್ಕೆ ಕುಗ್ಗು ಎಷ್ಟು ಬಿಡ್ಬೇಕು?”

“ಇದು ಕಾಗದ, ಕಬ್ಬಿಣ ಅಲ್ಲ” ಎಂದು ನಕ್ಕೆ.

“ಅದಲ್ಲ ರೈಟರೇ. ನಮ್ಮಂಥೋರ್ನ ಹತ್ತಿಸ್ಕೋತಾರಾ ಅದ್ರಲ್ಲಿ?”

“ಕಷ್ಟ ಬಂದ್ರೆ ಸರ್ಕಾರವೇ ಹತ್ತಿಸುತ್ತೆ.”

ಅದು ನನಗೆ ಗೊತ್ತಿರಲಿಲ್ಲ. ವಿಮಾನವನ್ನು ಚಿತ್ರದಲ್ಲಿ ಬಿಟ್ಟರೆ ನಾನು ನೋಡಿಯೇ ಇರಲಿಲ್ಲ. ಅವರು ನಂಬಿದರು. “ಗಂಡನನ್ನು ಬಿಟ್ಟು ಬರಬೇಡ, ಗಾಬರಿಯಾಗಬೇಡ, ಅಪಾಯ ಬಂದರೆ ಒಂದೇ ಹಗಲಿನ ದಾರಿ” ಎಂದು ಈ ಕೈಯಲ್ಲೇ ಬರೆದೆ.

ಡಿಸೆಂಬರಿನಲ್ಲಿ ರಂಗೂನಿನ ಮೇಲೆ ಬಾಂಬು ಬಿತ್ತು. ಆಮೇಲೆ ಕನಕಳ ಕಾಗದ ಬರಲಿಲ್ಲ. ಅಲ್ಲಿದ್ದ ನಮ್ಮ ಜನ ಕಾಡು ಬೆಟ್ಟ ಹಾದು ನಡೆದೇ ಬರುತ್ತಿದ್ದಾರೆಂದು ಸುದ್ದಿ ಬಂದ ದಿನ ಮೇಸ್ತ್ರಿ ನನ್ನ ಹಾಜರಿ ಕಿಟಕಿಯ ಮುಂದೆ ಬಂದು ನಿಂತರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ರೈಟರೇ, ಮಗು ಎತ್ಕೊಂಡು ನಡೆದ್ರೆ ಎಷ್ಟು ದಿನ?”

“ಮೂರು ತಿಂಗಳು” ಎಂದೆ. ಅದೂ ಬಾಯಿಗೆ ಬಂದ ಮಾತೇ.

ಮೂರು ತಿಂಗಳಲ್ಲ, ಆರು ತಿಂಗಳಾದರೂ ಅವರು ಕೆಲಸ ಮುಗಿದೊಡನೆ ಸ್ಟೇಷನ್ನಿಗೆ ಹೋಗಿ ಸಂಜೆಯ ರೈಲಿಗೆ ಕಾಯುತ್ತಿದ್ದರು. ಇಳಿದವರೆಲ್ಲ ಹೊರಟುಹೋದ ಮೇಲೆ ಮನೆಗೆ ಬರುತ್ತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ. ಶಿವಮೊಗ್ಗದ ಒಂದು ಕಚೇರಿಯಲ್ಲಿ ಕೆಲಸ ಹಿಡಿದೆ. ನಾನು ಊರು ಬಿಟ್ಟ ಸಂಜೆಯೂ ಅವರು ಪ್ಲಾಟ್‌ಫಾರಮ್ಮಿನಲ್ಲೇ ಇದ್ದರು. ನನ್ನ ಟ್ರಂಕನ್ನು ತಾವೇ ಎತ್ತಿ ಒಳಗಿಟ್ಟು, “ಕನಕಂದು ಕಾಗದ ಬಂದ್ರೆ ಹೇಳಿ ಕಳಿಸ್ತೀನಿ. ಓದೋಕೆ ಬರ್ತೀರಲ್ಲ?” ಎಂದರು.

“ಬರ್ತೀನಿ ಮೇಸ್ತ್ರಿ” ಎಂದೆ.

ಹೇಳಿ ಕಳಿಸುವ ಸಂದರ್ಭ ಅವರಿಗೆ ಬರಲೇ ಇಲ್ಲ. ಮೂರು ವರ್ಷದ ಮೇಲೆ ಅವರೇ ತೀರಿಕೊಂಡರೆಂದು ಯಾರೋ ಹೇಳಿದರು. ಶಿವಮೊಗ್ಗದಿಂದ ಭದ್ರಾವತಿ ಹನ್ನೆರಡೇ ಮೈಲಿ. ಅವರ ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲದೆ ಅಂದು ನಾನು ಹೋಗಲಿಲ್ಲ. ಆಕೆ ಬದುಕಿದ್ದಷ್ಟು ಕಾಲವೂ ಹೋಗಲಿಲ್ಲ.