ಜೌಗಿನ ದಾರಿ ತೋರಿಸಿದವರು

ಯಾವ ಕಾಗದಕ್ಕೂ ಮೊದಲ ದಿನವೇ ಸಹಿ ಹಾಕಬೇಡಿ. ಎದುರಿನವರಿಗೆ ಆತುರವಿದ್ದರೆ ನೀವು ಇನ್ನೊಂದು ಕಾಫಿ ಕುಡಿಯಿರಿ. ಬರಿಗೈಲಿ ಬಂದ ನಾನು ಈ ದೇಶದಲ್ಲಿ ನೆಲೆ ನಿಂತದ್ದು ಇದೇ ಬುದ್ಧಿಯಿಂದ. ಕೇಳದವರಿಗೂ ಹೇಳುತ್ತೇನೆ. ಹಾಗಾಗಿ ಮೆಲ್ಬರ್ನ್ ಹೊರವಲಯದ ಟಾರ್ನೀಟಿನ ನಮ್ಮ ಮನೆಯಲ್ಲಿ ಮಗಳು ಚರಿತ್ರೆಯ ಪಾಠ ಹಿಡಿದು ಸಲಹೆ ಕೇಳಲು ಬಂದಾಗ ಖುಷಿಯೇ ಆಯಿತು.

ಪಾಠ ಇಂಗ್ಲೆಂಡಿನದು. ನಾರ್ಮನ್ನರು ಸಮುದ್ರ ದಾಟಿ ಬಂದು ದೇಶ ಗೆದ್ದಿದ್ದಾರೆ. ಮಣಿಯದ ಕೆಲವು ಆಂಗ್ಲೋ-ಸ್ಯಾಕ್ಸನ್ನರು ಜೌಗಿನ ನಡುವಿನ ದ್ವೀಪ ಸೇರಿದ್ದಾರೆ. ಅಲ್ಲಿನ ಕ್ರೈಸ್ತ ಸನ್ಯಾಸಿಗಳ ಮಠವೇ ಅವರಿಗೆ ಆಸರೆ. ದಾರಿ ಗೊತ್ತಿಲ್ಲದೆ ನಾರ್ಮನ್ ರಾಜನ ಸೈನ್ಯ ಕೆಸರಿನಲ್ಲಿ ಹೂತುಹೋಗುತ್ತಿದೆ. ಸಿಟ್ಟಿಗೆದ್ದ ರಾಜ ಮಠದ ಹೊರಗಿನ ಜಮೀನುಗಳನ್ನು ಕಿತ್ತುಕೊಳ್ಳುತ್ತಾನೆ. ಕ್ಲಾಸಿನ ನಾಟಕದಲ್ಲಿ ನನ್ನ ಮಗಳೇ ಮಠಾಧಿಪತಿ. ರಾಜನಿಗೆ ಜೌಗಿನ ಗುಪ್ತ ದಾರಿ ತೋರಿಸಬೇಕೋ ಬೇಡವೋ, ಅವಳು ತೀರ್ಮಾನಿಸಬೇಕು.

“ಅಪ್ಪಾ, ನೀನಾಗಿದ್ರೆ?”

“ತೋರಿಸ್ತಿದ್ದೆ. ಮೊದಲು ಜಮೀನು ವಾಪಸ್ ಅಂತ ಬರೆಸ್ಕೊಂಡು. ಸೋಲೋರ ಜೊತೆ ನಾವ್ಯಾಕಮ್ಮ ಮುಳುಗ್ಬೇಕು?”

“ಮಠದೋರೂ ಅದನ್ನೇ ಮಾಡಿದ್ರಂತೆ. ರಾಜನ ಕಡೆಯೋರು ಸಿಕ್ಕಿಬಿದ್ದೋರ ಕೈ ಕಡಿದ್ರು, ಕಣ್ಣು ಕಿತ್ರು. ಆಮೇಲೆ ರಾಜ ಮಠಕ್ಕೂ ದಂಡ ಹಾಕಿದ. ಬ್ಯಾಡ್ ಡೀಲ್, ಅಪ್ಪಾ!” ನಕ್ಕಳು. “ಲೆಮನ್ ಅಂಕಲ್ ಆಗಿದ್ರೆ ತೋರಿಸ್ತಾನೇ ಇರ್ಲಿಲ್ಲ.”

ಲೆಮನ್ ಅಂಕಲ್ ಎಂದರೆ ನಾವು ಮೊದಲಿದ್ದ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ನಮ್ಮ ಪಕ್ಕದ ಮನೆಯ ಒಂಟಿ ಮುದುಕ. ಪ್ರತಿ ಭಾನುವಾರ ತನ್ನ ಮರದ ನಿಂಬೆಹಣ್ಣನ್ನು ಚೀಲದಲ್ಲಿ ತುಂಬಿ ನಮ್ಮ ಗೇಟಿಗೆ ತೂಗುಹಾಕುತ್ತಿದ್ದ. ಮೆಟ್ರೋ ಬಂದ ಮೇಲೆ ಬಿಲ್ಡರ್ ಒಬ್ಬ ನಮ್ಮ ಸಾಲಿನ ಮನೆಗಳನ್ನೆಲ್ಲ ಕೊಳ್ಳಲು ಕೇಳಿದ. ಮುದುಕನ ಶೆಡ್ಡಿನಲ್ಲಿ ಸೇರಿ ನಾವು ಮಾತು ಕೊಟ್ಟುಕೊಂಡೆವು: ಮಾರಿದರೆ ಎಲ್ಲರೂ ಒಟ್ಟಿಗೆ, ಇಲ್ಲವಾದರೆ ಯಾರೂ ಇಲ್ಲ. ಅವನು ಒಬ್ಬೊಬ್ಬರ ಕೈಯನ್ನೂ ಕುಲುಕಿದ.

ಆ ವಾರವೇ ಬಿಲ್ಡರ್ ನನಗೊಬ್ಬನಿಗೇ ಫೋನ್ ಮಾಡಿದ. ನನಗೆ ಬೇರೆ ರೇಟು. ಬದಲಿಗೆ, ಯಾವ ಮನೆಯವರು ಬೇಗ ಬಗ್ಗುತ್ತಾರೆ ಎಂದು ಹೇಳಬೇಕಿತ್ತು, ಅಷ್ಟೇ. ಹೇಳಿದೆ. ಒಂದೊಂದಾಗಿ ಮನೆಗಳು ಬಿದ್ದವು. ಮುದುಕ ಮಾತ್ರ ಮಾರಲಿಲ್ಲ.

ನಮ್ಮ ಸಾಮಾನು ಲಾರಿಗೆ ಏರಿದ ದಿನವೂ ಗೇಟಿನಲ್ಲಿ ಚೀಲ ತೂಗುತ್ತಿತ್ತು. ಮೆಲ್ಬರ್ನ್‌ವರೆಗೂ ಕಾರಿನ ತುಂಬ ನಿಂಬೆಯ ವಾಸನೆ. ಕಿಟಕಿ ಇಳಿಸಿದರೂ ಹೋಗಲಿಲ್ಲ. ಈಗಲೂ ಯಾರದಾದರೂ ಬೇಲಿಗೆ ಅಂಥ ಚೀಲ ಕಂಡರೆ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತೇನೆ. ಯಾರೋ ಹಿಂದೆ ನಿಂತು ಕೈ ಚಾಚಿದ್ದಾರೆ ಅನ್ನಿಸುತ್ತದೆ.

“ಅಂಕಲ್ ಅವ್ರ ಮಗಳ ಮನೆಗೆ ಹೋದ್ರು ಅಂದಿದ್ಯಲ್ಲ,” ಎಂದಳು ಮಗಳು. “ಅಡ್ರೆಸ್ ಇದ್ಯಾ? ನಾಟಕದ ವಿಡಿಯೋ ಕಳಿಸೋಣ.”

ಹಾಗೆಂದು ಹೇಳಿದ್ದವನು ನಾನೇ. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಫೋನಿನ ಮ್ಯಾಪಿನಲ್ಲಿ ನಮ್ಮ ಹಳೆಯ ಬೀದಿಯ ಈಗಿನ ಚಿತ್ರ ತೆಗೆದು ಅವಳ ಮುಂದಿಟ್ಟೆ. ಎತ್ತರದ ಎರಡು ಅಪಾರ್ಟ್‌ಮೆಂಟುಗಳ ನಡುವೆ ಆ ಗಿಡ್ಡ ಹೆಂಚಿನ ಮನೆ.

“ಇಲ್ಲೇ ಇದೆಯಲ್ಲ! ಹೋಗಿಲ್ವಾ?” ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದಳು. “ಮರ ಎಲ್ಲಿ?”

ಹಿತ್ತಲಿನ ತುಂಬ ಕಟ್ಟಡಗಳ ನೆರಳು. ನಾನೂ ಬಗ್ಗಿ ಹುಡುಕಿದೆ.

“ಮಠದವರು ಎಷ್ಟು ದಾರಿ ತೋರಿಸಿದ್ರು ಅಂತ ಪುಸ್ತಕದಲ್ಲಿ ಇದ್ಯಾ?” ಎಂದು ಕೇಳಿದೆ.

“ಒಂದೇ ಇರ್ಬೇಕು. ಯಾಕೆ?”

“ನಾನು ಬಿಲ್ಡರ್‌ಗೆ ಮೂರು ಮನೆ ತೋರಿಸ್ದೆ,” ಎಂದೆ.